ತೋಟಕ್ಕೆ ರಜೆಯಿಲ್ಲ, ಮನೆಗಾದರೂ ಇರಲಿ



ಈ ಪುಟಗಳಲ್ಲಿ ಕೊಳೆರೋಗ, ಎಲೆಚುಕ್ಕಿ, ಕಾಯಿಕೊರಕ, ಗೊಬ್ಬರದ ದರ, ಅಡಿಕೆಯ ಧಾರಣೆ ಮುಂತಾದವನ್ನು ಓದಿ ರೂಢಿಯಾದ ನಿಮಗೆ ಈ ಸಲದ ವಿಷಯ ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಕಳೆದ ಬೇಸಿಗೆಯಲ್ಲಿ ನಾವು ಮನೆಮಂದಿಯೆಲ್ಲ ಕೂಡಿ ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ವಂಡರ್‌ಲಾ ಎಂಬ ಆಟದ ಪಾರ್ಕಿಗೆ ಹೋಗಿ, ಅಲ್ಲಿಯೇ ಉಳಿದು, ಮೂರು ದಿನ ಕಳೆದು ಬಂದೆವು. ಅದಕ್ಕೆ ಹಾಕಿಕೊಂಡ ಲೆಕ್ಕಾಚಾರವನ್ನು ಬರೆಯಬೇಕೆಂದು ಕೆಲವು ಸದಸ್ಯರು ಕೇಳಿದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ. ಆಟದ ವಿಷಯಕ್ಕೆ ಸಂಘದ ಪತ್ರಿಕೆಯಲ್ಲಿ ಜಾಗವೇಕೆ ಎಂದು ಕೇಳುವವರು ದಯವಿಟ್ಟು ಕೊನೆಯವರೆಗೆ ಓದಬೇಕು. ಇದು ಆಟಕ್ಕಿಂತ ಹೆಚ್ಚಾಗಿ ನೆರೆಹೊರೆಯ ವಿಷಯ.

ನಮ್ಮದು ಕೊಪ್ಪ ತಾಲ್ಲೂಕಿನ ಒಂದು ಹಳ್ಳಿ. ಕಣಿವೆಯಲ್ಲಿ ಎರಡೂವರೆ ಎಕರೆ ಅಡಿಕೆ, ಮೇಲಿನ ಗುಡ್ಡದಲ್ಲಿ ನಾಲ್ಕು ಎಕರೆ ಕಾಫಿ, ಕೊಟ್ಟಿಗೆಯಲ್ಲಿ ಎರಡು ಹಸು, ಒಂದು ಕರು. ಮನೆಯಲ್ಲಿ ಐದು ಜನ: ಅಮ್ಮ, ನಾವಿಬ್ಬರು, ಆರನೇ ತರಗತಿಯ ಮಗಳು, ಎರಡನೇ ತರಗತಿಯ ಮಗ. ನಿಮ್ಮಲ್ಲಿ ಹೆಚ್ಚಿನವರ ಮನೆಯೂ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ.

ಮೊದಲ ಸಲದ ಪಾಠ

ಮೂರು ವರ್ಷದ ಹಿಂದೆ ಒಮ್ಮೆ ಹೊರಟಿದ್ದೆವು. ಮೇ ತಿಂಗಳು, ಶನಿವಾರ. ಬೆಂಗಳೂರಿನಿಂದ ಬಂದಿದ್ದ ಭಾವ, "ಕಾರಿನಲ್ಲಿ ಜಾಗ ಇದೆ, ಹೊರಡಿ" ಎಂದರು, ಹೊರಟೆವು. ಯಾವುದೋ ಒಂದು ಪಾರ್ಕು. ಊರಿಗೆ ಊರೇ ಅಲ್ಲಿ ನೆರೆದಂತಿತ್ತು. ದಿನವಿಡೀ ಸಾಲಿನಲ್ಲಿ ನಿಂತು ಮಕ್ಕಳು ಆಡಿದ್ದು ನಾಲ್ಕೇ ನಾಲ್ಕು ಆಟ. ಮಗ ಎತ್ತರ ಸಾಲದೆಂದು ಎರಡು ಕಡೆ ಹಿಂದಕ್ಕೆ ಬಂದ. ಅಮ್ಮ ಬೆಳಗಿನಿಂದ ಸಂಜೆಯವರೆಗೆ ಒಂದು ಮರದ ಬುಡದಲ್ಲಿ ನಮ್ಮ ಚೀಲಗಳನ್ನು ಕಾಯುತ್ತ ಕುಳಿತಿದ್ದರು. ಮಧ್ಯಾಹ್ನ ಮೂರು ಗಂಟೆಗೆ ಊರಿನಿಂದ ಫೋನ್ ಬಂತು. ಮನೆ ನೋಡಿಕೊಳ್ಳಲು ಬಿಟ್ಟಿದ್ದ ಹುಡುಗನನ್ನು ಹಸು ಹತ್ತಿರ ಸೇರಿಸಲಿಲ್ಲ, ಕೆಚ್ಚಲು ಬಾತು ಹಸು ಕೂಗುತ್ತಿದೆ, ಹುಡುಗ ಹೆದರಿ ಮನೆಗೆ ಹೋಗಿದ್ದಾನೆ ಎಂದು. ಉಳಿಯಬೇಕೆಂದು ಹೋದವರು ಅದೇ ರಾತ್ರಿ ಬಸ್ಸು ಹಿಡಿದು ತಿರುಗಿ ಬಂದೆವು. ದಾರಿಯಲ್ಲಿ ಯಾರೂ ಮಾತಾಡಲಿಲ್ಲ. ಆ ಗಡಿಬಿಡಿಯಲ್ಲಿ ನೀರು ತಪ್ಪಿ, ಹೊಸದಾಗಿ ನೆಟ್ಟ ಅಡಿಕೆ ಸಸಿಗಳಲ್ಲಿ ಎರಡು ಸಾಲು ಬಾಡಿದವು.

ಇನ್ನು ಈ ಗೊಡವೆಯೇ ಬೇಡ ಎಂದು ಸುಮ್ಮನಿದ್ದೆವು. ಆದರೆ ಹೋದ ವರ್ಷ ಶಾಲೆಯಲ್ಲಿ "ನನ್ನ ರಜೆಯ ದಿನಗಳು" ಎಂಬ ಪ್ರಬಂಧ ಬರೆಸಿದ್ದರು. ಮಗಳ ಪುಸ್ತಕವನ್ನು ಅಕಸ್ಮಾತ್ತಾಗಿ ತೆರೆದು ನೋಡಿದರೆ ಅವಳು ಬರೆದಿದ್ದು ಇಷ್ಟು: ನಮ್ಮ ಮನೆಯಲ್ಲಿ ದಸರಾ ರಜೆ ಎಂದರೆ ಅಡಿಕೆ, ಬೇಸಿಗೆ ರಜೆ ಎಂದರೆ ಪಂಪು, ಅಪ್ಪ ಅಮ್ಮನಿಗೆ ರಜೆ ಇಲ್ಲ, ಆದ್ದರಿಂದ ನಾನು ದೊಡ್ಡವಳಾದ ಮೇಲೆ ಸಂಬಳದ ಕೆಲಸಕ್ಕೆ ಹೋಗುತ್ತೇನೆ.

ಓದಿ ನಮಗೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಮಕ್ಕಳು ತೋಟ ಬಿಟ್ಟು ಹೋಗುತ್ತಾರೆಂದು ಸಭೆಗಳಲ್ಲಿ ನಾವೆಲ್ಲ ಕೊರಗುತ್ತೇವೆ. ಕೂಲಿಯವರು ಸಿಗುವುದಿಲ್ಲ, ಧಾರಣೆ ನಿಲ್ಲುವುದಿಲ್ಲ ಎಂದು ಕಾರಣ ಹೇಳುತ್ತೇವೆ. ತೋಟದ ಮನೆ ಎಂದರೆ ಬಾಗಿಲು ಹಾಕಿ ಹೊರಡಲಾಗದ ಮನೆ ಎಂದು ಆರನೇ ತರಗತಿಯ ಹುಡುಗಿಗೆ ಈಗಲೇ ತಿಳಿದುಹೋಗಿದ್ದರೆ ಅದಕ್ಕೆ ಧಾರಣೆಯನ್ನು ದೂರಿ ಪ್ರಯೋಜನವಿಲ್ಲ. ಈ ಸಲ ಹೋಗಲೇಬೇಕು, ಆದರೆ ಲೆಕ್ಕ ಹಾಕಿಯೇ ಹೋಗಬೇಕು ಎಂದು ತೀರ್ಮಾನಿಸಿದೆವು.

ಇಂಥ ಪಾರ್ಕು ಎಂದರೇನು?

ನಮ್ಮ ಕಡೆಯ ರಥೋತ್ಸವಗಳಲ್ಲಿ ತೊಟ್ಟಿಲು, ಕುದುರೆ ಸುತ್ತಾಟ ಬರುವುದನ್ನು ಎಲ್ಲರೂ ನೋಡಿದ್ದೇವೆ. ಜಾತ್ರೆ ಮುಗಿದರೆ ಅವೂ ಹೋಗುತ್ತವೆ. ಅದನ್ನೇ ಒಂದು ಕಡೆ ಖಾಯಂ ಆಗಿ ನಿಲ್ಲಿಸಿ, ಸುತ್ತ ಬೇಲಿ ಹಾಕಿ, ಒಂದೇ ಟಿಕೆಟ್ಟಿಗೆ ಎಲ್ಲ ಆಟಗಳನ್ನೂ ಒದಗಿಸಿದರೆ ಇಂಥ ಪಾರ್ಕು ಆಗುತ್ತದೆ. ಅಮೆರಿಕದಲ್ಲಿ ವಾಲ್ಟ್ ಡಿಸ್ನಿ ೧೯೫೫ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದರು. ೧೯೭೧ರಲ್ಲಿ ಫ್ಲಾರಿಡಾದಲ್ಲಿ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು ಬಂತು. ಜನ ಒಂದು ದಿನ ಬಂದು ಹೋಗುವ ಬದಲು ಹೋಟೆಲಿನಲ್ಲಿ ಇಳಿದು ನಾಲ್ಕಾರು ದಿನ ಇರುವ ಪದ್ಧತಿ ಅಲ್ಲಿ ಬಲವಾಗಿ ಬೇರೂರಿತು. ನಮ್ಮ ದೇಶದಲ್ಲಿ ದೆಹಲಿಯ ಅಪ್ಪುಘರ್ ೧೯೮೪ರಲ್ಲಿ ಶುರುವಾಗಿ ೨೦೦೮ರವರೆಗೆ ನಡೆಯಿತು. ಕೇರಳದಲ್ಲಿ ವಿ-ಗಾರ್ಡ್ ಕಂಪನಿಯ ಸ್ಥಾಪಕ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿಯವರು ೨೦೦೦ದಲ್ಲಿ ಕೊಚ್ಚಿಯ ಹತ್ತಿರ ವೀಗಾಲ್ಯಾಂಡ್ ತೆರೆದರು. ಅವರದೇ ಮುಂದಿನ ಪ್ರಯತ್ನ ೨೦೦೫ರಲ್ಲಿ ಬೆಂಗಳೂರಿಗೆ ಬಂದ ವಂಡರ್‌ಲಾ.

ಈ ಪಾರ್ಕು ಬೆಂಗಳೂರಿನಿಂದ ಸುಮಾರು ೨೮ ಕಿಲೋಮೀಟರ್, ಬಿಡದಿಗೆ ಮುಂಚೆ, ಹೆಜ್ಜಾಲದ ಹತ್ತಿರ ಇದೆ. ವಿಸ್ತೀರ್ಣ ೮೨ ಎಕರೆ. ನಮ್ಮಂಥ ಹತ್ತು ಹನ್ನೆರಡು ಮನೆಯ ಹಿಡುವಳಿ ಕೂಡಿಸಿದಷ್ಟು ಜಾಗ. ಅರವತ್ತಕ್ಕೂ ಹೆಚ್ಚು ಆಟಗಳಿವೆ. ಕೆಲವು ಒಣ ಆಟಗಳು, ಕೆಲವು ನೀರಿನ ಆಟಗಳು. ೨೦೧೨ರಲ್ಲಿ ಪಾರ್ಕಿಗೆ ಸೇರಿದಂತೆಯೇ ಒಂದು ರೆಸಾರ್ಟನ್ನೂ ಕಟ್ಟಿದರು. ಹೀಗಾಗಿ ದೂರದಿಂದ ಬಂದವರು ಅಲ್ಲಿಯೇ ಉಳಿಯಬಹುದು. ದಿನದ ಕೊನೆಗೆ ದಣಿದ ಮಕ್ಕಳನ್ನೂ ವಯಸ್ಸಾದವರನ್ನೂ ಕಟ್ಟಿಕೊಂಡು ನಗರದ ಗಾಡಿಗಳ ನಡುವೆ ಒದ್ದಾಡುವುದು ತಪ್ಪುತ್ತದೆ.

ಯಾವಾಗ ಹೋಗುವುದು?

ನಗರದವರು ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ ನೋಡಿ ರಜೆ ಗೊತ್ತುಮಾಡುತ್ತಾರೆ. ನಾವು ತೋಟ ನೋಡಿ ಗೊತ್ತುಮಾಡಬೇಕು. ವರ್ಷವನ್ನು ಹೀಗೆ ಬಿಡಿಸಿ ನೋಡಿದೆವು.

ದಸರಾ ರಜೆಯಲ್ಲಿ ನಮ್ಮ ಕಡೆ ಕೊನೆ ಕೊಯ್ಲು ಶುರುವಾಗಿರುತ್ತದೆ. ಕೊನೆಗಾರ ಬರುವ ದಿನ ನಮ್ಮ ಕೈಯಲ್ಲಿಲ್ಲ. ಸುಲಿಯುವುದು, ಬೇಯಿಸುವುದು, ಒಣಗಿಸುವುದು ಒಂದರ ಹಿಂದೆ ಒಂದು ಬರುತ್ತವೆ. ಚೊಗರಿನ ಹಂಡೆಯನ್ನು ಬಿಟ್ಟು ಹೊರಡುವ ಹಾಗಿಲ್ಲ. ನವೆಂಬರಿನಿಂದ ಅರೇಬಿಕಾ, ಅದರ ಬೆನ್ನಿಗೆ ರೊಬಸ್ಟಾ ಹಣ್ಣು. ಫೆಬ್ರವರಿ, ಮಾರ್ಚಿಯಲ್ಲಿ ಹೂಮಳೆ ಬರುತ್ತದೆಯೋ ಇಲ್ಲವೋ ಎಂದು ಆಕಾಶ ನೋಡುವ ಕಾಲ, ಮಕ್ಕಳಿಗೆ ಪರೀಕ್ಷೆಯ ಕಾಲ. ಮೇ ಕೊನೆಯಿಂದ ಬೋರ್ಡೋ ಸಿಂಪರಣೆಯ ತಯಾರಿ. ಮೊದಲ ಸಿಂಪರಣೆ ಮಳೆ ಹಿಡಿಯುವ ಮೊದಲೇ ಆಗಬೇಕು, ಎರಡನೆಯದು ೪೦-೪೫ ದಿನಕ್ಕೆ. ಇವೆಲ್ಲವನ್ನೂ ಕಳೆದರೆ ಉಳಿಯುವುದು ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗಿನ ಒಂದು ತಿಂಗಳು ಮಾತ್ರ. ಮಕ್ಕಳಿಗೂ ಆಗ ರಜೆ.

ಆ ತಿಂಗಳಲ್ಲಿ ತೊಡಕೆಂದರೆ ನೀರು. ಮಾರ್ಚಿಯಿಂದ ಮೇವರೆಗೆ ಅಡಿಕೆಗೆ ೩ರಿಂದ ೫ ದಿನಕ್ಕೊಮ್ಮೆ ನೀರು ಬೇಕೆಂದು, ಪ್ರತಿ ಮರಕ್ಕೆ ಸುಮಾರು ೧೭೫ ಲೀಟರ್ ಎಂದು ತಜ್ಞರು ಹೇಳುತ್ತಾರೆ. ಈ ಅಂಕಿಯನ್ನೇ ನಾವು ಅಳತೆಗೋಲು ಮಾಡಿಕೊಂಡೆವು. ಸೋಮವಾರ ಸಂಜೆಯೊಳಗೆ ಇಡೀ ತೋಟಕ್ಕೆ ಚೆನ್ನಾಗಿ ನೀರು ಹಾಯಿಸುವುದು, ರಾತ್ರಿ ಬಸ್ಸು ಹತ್ತುವುದು, ಶುಕ್ರವಾರ ಬೆಳಿಗ್ಗೆ ಬಂದು ಮತ್ತೆ ಪಂಪು ಹಾಕುವುದು. ಎರಡು ನೀರಿನ ನಡುವಿನ ಬಿಡುವಿನಲ್ಲಿ ಪ್ರವಾಸ. ನಾಲ್ಕು ದಿನಕ್ಕಿಂತ ಹೆಚ್ಚಿಗೆ ಆಸೆಪಡಬಾರದು. ಹನಿ ನೀರಾವರಿ ಮಾಡಿದವರಿಗೆ ದಿನವೂ ಯಾರಾದರೂ ವಾಲ್ವ್ ತಿರುಗಿಸಲೇಬೇಕಾಗುತ್ತದೆ, ಅವರು ಅದಕ್ಕೆ ತಕ್ಕಂತೆ ಲೆಕ್ಕ ಹಾಕಿಕೊಳ್ಳಬೇಕು.

ಇದರಿಂದ ಇನ್ನೊಂದು ಅನುಕೂಲವೂ ಆಯಿತು. ಮಂಗಳವಾರ, ಬುಧವಾರ, ಗುರುವಾರ ಪಾರ್ಕಿನಲ್ಲಿ ಜನ ಕಡಿಮೆ. ಶನಿವಾರ, ಭಾನುವಾರ ಮತ್ತು ಸರ್ಕಾರಿ ರಜಾ ದಿನಗಳಲ್ಲಿ ಜನವೂ ಹೆಚ್ಚು, ಟಿಕೆಟ್ಟೂ ಹೆಚ್ಚು. ವಾರದ ನಡುವೆ ಹೊರಡುವ ಸ್ವಾತಂತ್ರ್ಯ ನಗರದ ನೌಕರರಿಗಿಲ್ಲ, ನಮಗಿದೆ. ನಮಗಿರುವ ಒಂದೇ ಒಂದು ಅನುಕೂಲವನ್ನಾದರೂ ನಾವು ಬಳಸಿಕೊಳ್ಳಬೇಡವೇ?

ಮನೆ ಯಾರಿಗೆ ಒಪ್ಪಿಸುವುದು?

ಇದೇ ಮುಖ್ಯ ಪ್ರಶ್ನೆ. ನಾಲ್ಕು ದಿನ ಹೊರಡುವಷ್ಟು ಹಣ ಅಡಿಕೆ ಮಾರಿದ ವರ್ಷ ನಮ್ಮಲ್ಲಿ ಅನೇಕರ ಹತ್ತಿರ ಇರುತ್ತದೆ. ಇಲ್ಲದಿರುವುದು ನಂಬಿ ಕೊಟ್ಟಿಗೆ ಒಪ್ಪಿಸುವ ಜನ. ಸಂಬಳಕ್ಕೆ ಗೊತ್ತುಮಾಡಿದವರ ಕಥೆ ಮೇಲೆ ಬರೆದಿದ್ದೇವೆ.

ಒಂದು ದಿನ ಅಮ್ಮನೇ ಹೇಳಿದರು, "ನಾಟಿಗೆ, ಕೊಯ್ಲಿಗೆ ಮುಯ್ಯಾಳು ಇರಲಿಲ್ಲವೇನೋ? ರಜೆಗೆ ಯಾಕೆ ಆಗಬಾರದು?" ಮುಯ್ಯಾಳು ಎಂದರೆ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಇಂದು ನಾವು ನಿಮ್ಮ ಗದ್ದೆಗೆ ಇಳಿದರೆ ನಾಳೆ ನೀವು ನಮ್ಮ ಗದ್ದೆಗೆ ಇಳಿಯುವುದು. ನಡುವೆ ಹಣದ ಮಾತಿಲ್ಲ. ಗದ್ದೆಗಳು ತೋಟವಾದ ಮೇಲೆ ಆ ಪದ್ಧತಿ ನಮ್ಮ ಕಡೆ ಹೆಚ್ಚುಕಡಿಮೆ ನಿಂತೇ ಹೋಗಿದೆ.

ಪಕ್ಕದ ತೋಟದ ಅಣ್ಣ, ಅತ್ತಿಗೆಯವರನ್ನು ಕೇಳಿದೆವು. ಕೇಳಲು ಸಂಕೋಚವಾಯಿತೆಂದು ಒಪ್ಪಿಕೊಳ್ಳುತ್ತೇವೆ. ಮದುವೆಗೋ ಆಸ್ಪತ್ರೆಗೋ ಹೋಗುವುದಾದರೆ ಕೇಳಬಹುದು, ಆಟಕ್ಕೆ ಹೋಗುತ್ತೇವೆ ಎಂದು ಹೇಳುವುದು ಹೇಗೆ? ಆದರೆ ಅತ್ತಿಗೆ ನಕ್ಕು, "ನಾವು ಹೋಗಬೇಕೆಂದಾಗ ನೀವು ಬರುವುದಾದರೆ ಸೈ" ಎಂದರು. ಅವರಿಗೆ ಎರಡು ವರ್ಷದಿಂದ ಮಗಳ ಮನೆಗೆ ಹೋಗಲು ಆಗಿರಲಿಲ್ಲವಂತೆ. ಪಕ್ಕದಲ್ಲೇ ಇದ್ದ ನಮಗೆ ಅದು ಗೊತ್ತೇ ಇರಲಿಲ್ಲ.

ಒಪ್ಪಿಸುವಾಗ ನಾವು ಮಾಡಿದ್ದನ್ನು ಉಪಯೋಗಕ್ಕೆ ಬರಬಹುದೆಂದು ಕೊಡುತ್ತಿದ್ದೇವೆ:

೧. ಅಡುಗೆಮನೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆವು. ಹಿಂಡಿ ಎಷ್ಟು, ಹುಲ್ಲು ಎಷ್ಟು, ಯಾವ ಹಸುವನ್ನು ಮೊದಲು ಕರೆಯಬೇಕು, ಹೊಸ ಸಸಿಗಳಿಗೆ ಎಷ್ಟು ಕೊಡ ನೀರು, ಪಶುವೈದ್ಯರ ಮತ್ತು ಪಂಪು ರಿಪೇರಿಯವರ ನಂಬರು, ಇಷ್ಟೂ ದಪ್ಪ ಅಕ್ಷರದಲ್ಲಿ.

೨. ಹೊರಡುವ ಮುಂಚಿನ ಎರಡು ದಿನ ಅತ್ತಿಗೆಯೇ ಬಂದು ಹಾಲು ಕರೆದರು. ನಮ್ಮ ದೊಡ್ಡ ಹಸು ಅಮ್ಮನನ್ನು ಬಿಟ್ಟು ಬೇರೆಯವರಿಗೆ ಹಾಲು ಇಳಿಸುವುದಿಲ್ಲ. ಅಮ್ಮನ ಹಳೆಯ ಹತ್ತಿ ಸೀರೆಯನ್ನು ಸುತ್ತಿಕೊಂಡು ಕುಳಿತರೆ ಇಳಿಸಿತು. ಸೀರೆಯನ್ನು ಒಗೆಯದೆ ಕೊಟ್ಟಿಗೆಯ ಗೂಟಕ್ಕೇ ನೇತುಹಾಕಿ ಬಂದೆವು.

೩. ಪಂಪಿನ ಸ್ಟಾರ್ಟರನ್ನು ಆಫ್ ಮಾಡಿ, ಫ್ಯೂಸ್ ತೆಗೆದು ಅಣ್ಣನ ಕೈಗೆ ಕೊಟ್ಟೆವು. ನಾವಿಲ್ಲದಾಗ ಹೊತ್ತಲ್ಲದ ಹೊತ್ತಿನಲ್ಲಿ ಮೂರು ಫೇಸ್ ಕರೆಂಟು ಬಂದು ಪಂಪು ತಾನಾಗಿ ಓಡಿ ಮೋಟಾರು ಸುಡಬಾರದು.

೪. ಹಾಲು ಅವರದೇ ಎಂದು ಮೊದಲೇ ಹೇಳಿಬಿಟ್ಟೆವು. ಲೆಕ್ಕ ಉಳಿದರೆ ಸ್ನೇಹ ಉಳಿಯುವುದಿಲ್ಲ.

ಮೂಡಲಪಾಳ್ಯದ ನೆಲೆ

ತಂಗಿಯ ಮನೆ ಬೆಂಗಳೂರಿನ ಮೂಡಲಪಾಳ್ಯದಲ್ಲಿದೆ. ಹೆಸರಿನಲ್ಲಿ ಮೂಡಲ, ಇರುವುದು ನಗರದ ಪಡುವಲಿಗೆ, ನಾಗರಭಾವಿ, ಚಂದ್ರಾ ಬಡಾವಣೆಗಳ ಮಗ್ಗುಲಲ್ಲಿ. ನಮ್ಮ ಕಡೆಯಿಂದ ಹೋಗುವವರಿಗೆ ನಗರದ ಈ ಭಾಗ ಬಹಳ ಅನುಕೂಲ. ಕೊಪ್ಪ, ಚಿಕ್ಕಮಗಳೂರು, ಶಿವಮೊಗ್ಗ, ಹಾಸನ ಎಲ್ಲ ಕಡೆಯ ಬಸ್ಸೂ ತುಮಕೂರು ರಸ್ತೆಯಿಂದಲೇ ಒಳಗೆ ಬರುತ್ತದೆ. ಗೊರಗುಂಟೆಪಾಳ್ಯದಲ್ಲಿ ಇಳಿದರೆ ಹೊರ ವರ್ತುಲ ರಸ್ತೆ ಹಿಡಿದು ನೇರವಾಗಿ ನಾಗರಭಾವಿ ಕಡೆಗೆ ಬರಬಹುದು. ಮೆಜೆಸ್ಟಿಕ್ಕಿಗೆ ಹೋಗಿ ತಿರುಗಿ ಬರುವ ಅಗತ್ಯವಿಲ್ಲ. ಅದೇ ವರ್ತುಲ ರಸ್ತೆ ಮುಂದೆ ನಾಯಂಡಹಳ್ಳಿಯಲ್ಲಿ ಮೈಸೂರು ರಸ್ತೆಗೆ ಸೇರುತ್ತದೆ. ಅಲ್ಲಿಂದ ಕೆಂಗೇರಿ, ಕುಂಬಳಗೋಡು ದಾಟಿದರೆ ಪಾರ್ಕು.

ಮೆಟ್ರೊದಲ್ಲಿ ಹೋಗುವವರು ಅತ್ತಿಗುಪ್ಪೆಯಲ್ಲಿ ನೇರಳೆ ಮಾರ್ಗದ ರೈಲು ಹತ್ತಬೇಕು. ೨೦೨೧ರಲ್ಲಿ ಅದು ಕೆಂಗೇರಿಯವರೆಗೆ, ೨೦೨೩ರಲ್ಲಿ ಚಲ್ಲಘಟ್ಟದವರೆಗೆ ಬಂದಿದೆ. ಉಳಿದ ದಾರಿಗೆ ಬಸ್ಸು ಅಥವಾ ಬಾಡಿಗೆ ಕಾರು. ಕಾರಿನಲ್ಲಿ ಹೋಗುವವರು ಒಂದು ವಿಷಯ ನೆನಪಿಡಬೇಕು. ೨೦೨೩ರಲ್ಲಿ ಉದ್ಘಾಟನೆಯಾದ ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ನಡುವಿನ ಪಥಕ್ಕೆ ಹತ್ತಿಬಿಟ್ಟರೆ ಬೇಕಾದಲ್ಲಿ ಇಳಿಯಲು ಬರುವುದಿಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಿ ಎಂದು ಚಾಲಕರಿಗೆ ಮೊದಲೇ ಹೇಳಬೇಕು. ಬೈಕು, ಆಟೋಗಳಿಗೆ ಆ ನಡುವಿನ ಪಥದಲ್ಲಿ ೨೦೨೩ರ ಆಗಸ್ಟಿನಿಂದ ಪ್ರವೇಶವೇ ಇಲ್ಲ.

ನೆಂಟರ ಮನೆ ಇದೆಯೆಂದು ಮೂರು ದಿನವೂ ಅಲ್ಲೇ ಬೀಡು ಬಿಡುವುದು ತರವಲ್ಲ. ತಂಗಿಯದು ಎರಡು ಕೋಣೆಯ ಮನೆ, ಭಾವನಿಗೆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಗಡಿಬಿಡಿ. ಬಂದ ದಿನ ಮಧ್ಯಾಹ್ನದವರೆಗೆ, ಹೊರಡುವ ದಿನ ಸಂಜೆ, ಇಷ್ಟೇ ಎಂದು ಮೊದಲೇ ತಿಳಿಸಿದೆವು. ಒಂದು ಗೋಣಿ ತೆಂಗಿನಕಾಯಿ, ಕಾಫಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದುಕೊಂಡು ಹೋದೆವು. ಇಬ್ಬರಿಗೂ ಹಗುರ.

ಖರ್ಚಿನ ಮಾತು

ಟಿಕೆಟ್ಟಿನ ದರ ದಿನದಿಂದ ದಿನಕ್ಕೆ ಬದಲಾಗುವುದರಿಂದ ಇಲ್ಲಿ ಬರೆದು ಪ್ರಯೋಜನವಿಲ್ಲ. ಆದರೆ ಲೆಕ್ಕ ಹಾಕುವ ಕ್ರಮ ಬದಲಾಗುವುದಿಲ್ಲ.

ಮಕ್ಕಳ ಟಿಕೆಟ್ಟನ್ನು ವಯಸ್ಸಿನ ಮೇಲೆ ಕೊಡುವುದಿಲ್ಲ, ಎತ್ತರದ ಮೇಲೆ ಕೊಡುತ್ತಾರೆ. ೮೫ ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಉಚಿತ, ಅಲ್ಲಿಂದ ೧೪೦ರವರೆಗೆ ಮಕ್ಕಳ ಟಿಕೆಟ್, ಅದಕ್ಕಿಂತ ಮೇಲಾದರೆ ದೊಡ್ಡವರದು. ಮನೆಯ ದಾರಂದಕ್ಕೆ ನಿಲ್ಲಿಸಿ ಪೆನ್ಸಿಲಿನಿಂದ ಗೀಟು ಹಾಕಿದೆವು. ಮಗಳು ೧೪೨, ಮಗ ೧೧೮. ಎರಡು ಸೆಂಟಿಮೀಟರ್ ಬೆಳೆದ ತಪ್ಪಿಗೆ ಮಗಳಿಗೆ ಪೂರ್ತಿ ಟಿಕೆಟ್. ಅವಳಿಗೆ ಅದೇ ಹೆಮ್ಮೆ. ದೊಡ್ಡ ಆಟಗಳಿಗೆ ಎತ್ತರದ ಮಿತಿ ಇರುವುದರಿಂದ, ಮಗ ಏರಬಹುದಾದ ಆಟಗಳು ಯಾವುವು, ಏರಲಾಗದವು ಯಾವುವು ಎಂದು ಮನೆಯಲ್ಲೇ ಪಟ್ಟಿ ಮಾಡಿ ಅವನಿಗೆ ಓದಿ ಹೇಳಿದೆವು. ಅಳುವುದನ್ನೆಲ್ಲ ಮನೆಯಲ್ಲೇ ಅತ್ತು ಮುಗಿಸಿದ. ಅಲ್ಲಿ ಅಳಲಿಲ್ಲ.

ಅರವತ್ತು ದಾಟಿದವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ. ವಯಸ್ಸಿನ ದಾಖಲೆ ಇಟ್ಟುಕೊಳ್ಳಬೇಕು. ಸಾಲು ತಪ್ಪಿಸುವ ಫಾಸ್ಟ್ ಟ್ರ್ಯಾಕ್ ಎಂಬ ದುಬಾರಿ ಟಿಕೆಟ್ ವಾರದ ನಡುವೆ ಹೋದ ನಮಗೆ ಬೇಕಾಗಲಿಲ್ಲ. ರೆಸಾರ್ಟಿನಲ್ಲಿ ಕೋಣೆ ಹಿಡಿಯುವಾಗ ಮೂರು ಪ್ರಶ್ನೆ ಕೇಳಿ: ಬೆಳಗಿನ ತಿಂಡಿ ಸೇರಿದೆಯೇ, ಪಾರ್ಕಿನ ಟಿಕೆಟ್ ಸೇರಿದೆಯೇ, ಹೇಳಿದ ದರಕ್ಕೆ ತೆರಿಗೆ ಸೇರಿದೆಯೇ? ಈ ಮೂರಕ್ಕೂ ಉತ್ತರ ಸಿಗುವವರೆಗೆ ದುಡ್ಡು ಕಟ್ಟಬೇಡಿ. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಅರ್ಧ ಬೆಲೆಯ ಲಿಂಕ್ ಒತ್ತಿ ಹಣ ಕಳೆದುಕೊಳ್ಳಬೇಡಿ. ಪಾರ್ಕಿನವರಿಂದಲೇ ನೇರವಾಗಿ ಕೊಳ್ಳಿ.

ಬಸ್ಸಿನ ಖರ್ಚಿನಲ್ಲಿ ನಮಗೆ ಉಳಿತಾಯವಾಯಿತು. ೨೦೨೩ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಮಲಗಿ ಹೋಗುವ ಬಸ್ಸಿಗೆ ಅದು ಅನ್ವಯಿಸುವುದಿಲ್ಲ.

ಒಟ್ಟು ಖರ್ಚನ್ನು ನೂರು ರೂಪಾಯಿ ಎಂದು ಹಿಡಿದರೆ ನಮಗೆ ಕೋಣೆಗೆ ೪೦, ಟಿಕೆಟ್ಟಿಗೆ ೩೦, ಊಟಕ್ಕೆ ೧೫, ಓಡಾಟಕ್ಕೆ ೧೦, ಆಟಿಕೆ ಮುಂತಾದ್ದಕ್ಕೆ ೫ ಆಯಿತು. ಕೋಣೆ ದುಬಾರಿ ಎನಿಸಿದವರು ಒಂದೇ ರಾತ್ರಿ ಉಳಿಯಬಹುದು. ಕೈಸಾಲ ಮಾಡಿ ಮಾತ್ರ ಹೋಗಬೇಡಿ. ನಾವು ಕಾಳುಮೆಣಸಿನ ಹಣದಲ್ಲಿ ಒಂದು ಪಾಲನ್ನು ಡಿಸೆಂಬರಿನಿಂದಲೇ ಸಂಘದ ಉಳಿತಾಯ ಖಾತೆಯಲ್ಲಿ ಬೇರೆ ಇಟ್ಟಿದ್ದೆವು. ಎಲೆಚುಕ್ಕಿಯ ಔಷಧಿಗೆಂದು ಇಟ್ಟ ಹಣವನ್ನು ಮುಟ್ಟಲಿಲ್ಲ.

ಮೂರು ದಿನ

ಮೊದಲ ದಿನ, ಮಂಗಳವಾರ. ಬೆಳಗಿನ ಜಾವ ಮೂಡಲಪಾಳ್ಯ ಸೇರಿ ಸ್ನಾನ, ತಿಂಡಿ, ನಿದ್ದೆ. ನೀರಿನ ಆಟಕ್ಕೆ ಹತ್ತಿ ಬಟ್ಟೆ, ಸೀರೆ ನಡೆಯುವುದಿಲ್ಲ, ನೈಲಾನ್ ಅಥವಾ ಪಾಲಿಯೆಸ್ಟರ್ ಉಡುಪೇ ಆಗಬೇಕು. ಪಾರ್ಕಿನಲ್ಲಿ ಕೊಳ್ಳುವುದಕ್ಕಿಂತ ಮೊದಲೇ ಕೊಳ್ಳುವುದು ಅಗ್ಗವೆಂದು ತಂಗಿ ನಮ್ಮನ್ನು ವಿಜಯನಗರದ ಅಂಗಡಿಗೆ ಕರೆದುಕೊಂಡು ಹೋದಳು. ನಮ್ಮ ಮನೆಯವರು ತಮಗೆ ಬೇಡವೆಂದರು. "ನಾನು ದಡದಲ್ಲಿ ಕೂತು ನೋಡ್ತೇನೆ" ಎಂದರು. ತಂಗಿ, "ಅತ್ತಿಗೆ, ನೋಡುವುದಕ್ಕೆ ಟಿಕೆಟ್ ಯಾಕೆ ಕೊಡಬೇಕು?" ಎಂದು ಉದ್ದ ತೋಳಿನ, ಮೈತುಂಬ ಮುಚ್ಚುವ ಒಂದು ಉಡುಪನ್ನು ಕೊಡಿಸಿಯೇ ಬಿಟ್ಟಳು. ಮಧ್ಯಾಹ್ನ ಊಟ ಮುಗಿಸಿ ರೆಸಾರ್ಟಿಗೆ ಹೋದೆವು. ಆ ಸಂಜೆ ಏನನ್ನೂ ಮಾಡಲಿಲ್ಲ. ಏನನ್ನೂ ಮಾಡದಿರುವುದನ್ನೂ ಯೋಜನೆಯಲ್ಲಿ ಬರೆದುಕೊಳ್ಳಬೇಕೆಂದು ನಮ್ಮ ಅನುಭವ. ಇಲ್ಲದಿದ್ದರೆ ನಮ್ಮಂಥವರಿಗೆ ಕೈ ಸುಮ್ಮನಿರುವುದಿಲ್ಲ.

ಎರಡನೇ ದಿನ, ಬುಧವಾರ, ಪಾರ್ಕು. ಬಾಗಿಲು ತೆರೆಯುವುದು ಹನ್ನೊಂದರ ಸುಮಾರಿಗೆ, ನಾವು ಅದಕ್ಕೂ ಮೊದಲೇ ಅಲ್ಲಿದ್ದೆವು. ನಾವು ಹಿಡಿದ ಕ್ರಮ ಹೀಗೆ. ಮೊದಲ ಒಂದೂವರೆ ಗಂಟೆ ಎತ್ತರದ, ವೇಗದ ಒಣ ಆಟಗಳು. ಹೊಟ್ಟೆ ಖಾಲಿಯಿದ್ದಾಗಲೇ ಇವು ಸರಿ. ಏಪ್ರಿಲಿನ ಮಧ್ಯಾಹ್ನ ಗುಡುಗು ಬಂದರೆ ಅವನ್ನು ನಿಲ್ಲಿಸುವುದೂ ಉಂಟು. ಆಮೇಲೆ ಹಗುರವಾದ ಊಟ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಆದ್ದರಿಂದ ಬುತ್ತಿ ಕಟ್ಟಿಕೊಂಡು ಹೋಗಿ ಬಾಗಿಲಲ್ಲಿ ಚೌಕಾಸಿ ಮಾಡಬೇಡಿ. ಮಧ್ಯಾಹ್ನದ ಬಿಸಿಲಿಗೆ ನೀರಿನ ಆಟಗಳು. ಸಂಜೆ ಮತ್ತೆ ಚಿಕ್ಕ ಆಟಗಳು. ಚೀಲ, ಫೋನುಗಳನ್ನು ಬಾಡಿಗೆಯ ಲಾಕರಿನಲ್ಲಿ ಇಟ್ಟೆವು. ಹಿಂದಿನ ಸಲ ಅಮ್ಮನನ್ನೇ ಲಾಕರ್ ಮಾಡಿದ್ದೆವಲ್ಲ, ಆ ತಪ್ಪನ್ನು ಮತ್ತೆ ಮಾಡಬಾರದೆಂದು.

ರಕ್ತದೊತ್ತಡ, ಹೃದಯದ ತೊಂದರೆ, ಬೆನ್ನುನೋವು ಇರುವವರು ಮತ್ತು ಗರ್ಭಿಣಿಯರು ವೇಗದ ಆಟಗಳಿಗೆ ಹೋಗಲೇಬಾರದು. ಪ್ರತಿ ಆಟದ ಮುಂದೆಯೂ ಫಲಕವಿದೆ, ಓದಬೇಕು. ಮಕ್ಕಳ ಮುಂದೆ ಧೈರ್ಯ ತೋರಿಸಲು ಹೋಗಿ ಅಪಾಯ ತಂದುಕೊಳ್ಳಬೇಡಿ. ಅಮ್ಮನಿಗೆ ಮೊಣಕಾಲು ನೋವು ಬಿಟ್ಟರೆ ಬೇರೇನೂ ಇಲ್ಲ. ಅವರನ್ನು ಗೋಪುರದ ತುದಿಯಲ್ಲಿ ನಿಧಾನವಾಗಿ ತಿರುಗುವ ಸ್ಕೈ ವೀಲಿಗೆ ಕರೆದುಕೊಂಡು ಹೋದೆವು. ಮೇಲೆ ಹೋದಾಗ ಸುತ್ತಲೂ ಬಯಲು, ದೂರದಲ್ಲಿ ಬಂಡೆಯ ಬೆಟ್ಟಗಳು. ಅಮ್ಮ ಕಂಬಿ ಹಿಡಿದು ಕೆಳಗೆ ಬಗ್ಗಿ ನೋಡಿ, "ಕೊನೆಗಾರನಿಗೆ ಕೂಲಿ ಕೊಡುವಾಗ ಇನ್ನು ಮೇಲೆ ಚೌಕಾಸಿ ಮಾಡಬೇಡ" ಎಂದರು.

ನಮ್ಮ ಮನೆಯವರು ದಡದಲ್ಲಿ ಬಹಳ ಹೊತ್ತು ಕುಳಿತಿದ್ದರು. ಅಲೆಗಳ ಕೊಳದಲ್ಲಿ ಮೊದಲ ಅಲೆ ಬಂದಾಗ ಮಗಳು ಹೋಗಿ ಕೈಹಿಡಿದು ಎಳೆದಳು. ತುಂಗೆಯ ದಡದಲ್ಲಿ ಹುಟ್ಟಿ ಬೆಳೆದವರು ಅವರು, ಚಿಕ್ಕಂದಿನಲ್ಲಿ ಈಜು ಬಲ್ಲವರಂತೆ. ಮದುವೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ನಮಗೆ ಅದು ತಿಳಿದೇ ಇರಲಿಲ್ಲ. ಅಲೆ ಮೇಲೆ ಬಿದ್ದಾಗ ಅವರು ನಕ್ಕ ನಗು ಆಚೆ ದಡಕ್ಕೆ ಕೇಳಿಸಿತು. ಅಷ್ಟು ಜೋರಾಗಿ ಅವರು ನಕ್ಕಿದ್ದನ್ನು ನಾವು ಮನೆಯಲ್ಲಿ ಕೇಳಿಲ್ಲ. ಅಡಿಕೆ ಬೇಯಿಸುವ ಒಲೆಯ ಮುಂದೆ ನಗಲು ಯಾರಿಗೆ ತಾನೇ ಪುರುಸೊತ್ತಿದೆ?

ಮೂರನೇ ದಿನ, ಗುರುವಾರ. ಮತ್ತೊಂದು ದಿನ ಪಾರ್ಕಿಗೆ ಟಿಕೆಟ್ ಕೊಳ್ಳುವ ಬದಲು ಬಾಡಿಗೆ ಕಾರಿನಲ್ಲಿ ರಾಮನಗರದ ಕಡೆಗೆ ಹೋದೆವು. ದಾರಿಯಲ್ಲಿ ಬಿಡದಿಯ ತಟ್ಟೆ ಇಡ್ಲಿ. ರಾಮನಗರದ ಹತ್ತಿರದ ಜಾನಪದ ಲೋಕ ಎಚ್.ಎಲ್. ನಾಗೇಗೌಡರು ಕಟ್ಟಿದ ಸಂಸ್ಥೆ, ೧೯೯೪ರಲ್ಲಿ ತೆರೆದದ್ದು. ವಾರದಲ್ಲಿ ಒಂದು ದಿನ ರಜೆ ಇರುವುದರಿಂದ ಕೇಳಿಕೊಂಡು ಹೋಗಬೇಕು. ಇಲ್ಲಿ ಅಮ್ಮನೇ ಗುರು. ಒನಕೆ, ಬೀಸುವ ಕಲ್ಲು, ನೇಗಿಲು, ಕೊಳಗ, ಸೇರು ಎಲ್ಲವನ್ನೂ ಮೊಮ್ಮಕ್ಕಳಿಗೆ ಹೆಸರು ಹೇಳಿ, ಹೇಗೆ ಹಿಡಿಯಬೇಕೆಂದು ಕೈಯಲ್ಲೇ ತೋರಿಸಿದರು. ಅಕ್ಕಪಕ್ಕದ ನಗರದ ಮಕ್ಕಳೂ ಬಂದು ನಿಂತರು. ಹಿಂದಿನ ದಿನ ಮೊಮ್ಮಕ್ಕಳು ಅಜ್ಜಿಯ ಕೈಹಿಡಿದು ನಡೆಸಿದ್ದರು, ಈ ದಿನ ಅಜ್ಜಿ ಅವರನ್ನು ನಡೆಸಿದರು. ಕೊನೆಗೆ ಅಮ್ಮ, "ಇದರಲ್ಲಿ ಅರ್ಧ ನಮ್ಮ ಅಟ್ಟದ ಮೇಲೇ ಇದೆಯಲ್ಲೋ, ಅದಕ್ಕೆ ಟಿಕೆಟ್ ಇಡಬಹುದಿತ್ತು" ಎಂದು ನಕ್ಕರು.

ಅಲ್ಲಿಂದ ಹತ್ತಿರದ ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಕೊಡುವುದನ್ನು ನೋಡಿ ಮಗನಿಗೆ ಒಂದು ಬುಗುರಿ ಕೊಂಡೆವು. ಈ ಬೊಂಬೆಗಳಿಗೆ ನಮ್ಮ ಕೊಡಗಿನ ಕಿತ್ತಳೆಯ ಹಾಗೆಯೇ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಸಂಜೆ ಮೂಡಲಪಾಳ್ಯದಲ್ಲಿ ತಂಗಿಯ ಕೈ ಊಟ, ರಾತ್ರಿ ಬಸ್ಸು.

ಮನೆಗೆ ಬಂದ ಮೇಲೆ

ಶುಕ್ರವಾರ ಬೆಳಿಗ್ಗೆ ಅಂಗಳಕ್ಕೆ ಕಾಲಿಟ್ಟಾಗ ಅತ್ತಿಗೆ ಅಮ್ಮನ ಸೀರೆ ಸುತ್ತಿಕೊಂಡು ಕೊಟ್ಟಿಗೆಯಿಂದ ಹಾಲಿನ ತಂಬಿಗೆ ಹಿಡಿದು ಹೊರಗೆ ಬರುತ್ತಿದ್ದರು. ಹೊಸ ಸಸಿಗಳ ಬುಡ ಒದ್ದೆಯಿತ್ತು. ಬುಧವಾರ ರಾತ್ರಿ ಗಾಳಿಗೆ ಒಂದು ಅಡಿಕೆ ಮರ ಬಿದ್ದು ಪೈಪು ಒಡೆದಿತ್ತಂತೆ. ಅಣ್ಣ ಅದನ್ನು ಕಡಿದು ಪಕ್ಕಕ್ಕೆ ಹಾ‌ಕಿ, ಪೈಪನ್ನೂ ಜೋಡಿಸಿದ್ದರು. ಫೋನ್ ಮಾಡಲಿಲ್ಲವೇಕೆ ಎಂದರೆ, "ನೀವು ಬಂದು ಮಾಡುವುದಾದರೂ ಏನಿತ್ತು? ಮಕ್ಕಳ ಆಟ ಕೆಡಿಸಬೇಕಿತ್ತಾ?" ಎಂದರು. ಈ ಮಾತಿಗೆ ಯಾವ ಕೂಲಿ ಕೊಟ್ಟರೆ ಸಾಲುತ್ತದೆ?

ಮೇ ಮೊದಲ ವಾರದಲ್ಲಿ ಅವರು ಮಗಳ ಮನೆಗೆ ಹೋದರು. ಐದು ದಿನ ನಾವು ಅವರ ಕೊಟ್ಟಿಗೆ ನೋಡಿಕೊಂಡೆವು. ಅವರ ಹಸು ನಮಗೆ ಎರಡು ಸಲ ಒದೆಯಿತು. ಅದನ್ನೂ ಮುಯ್ಯಿಯ ಲೆಕ್ಕಕ್ಕೆ ಹಿಡಿದಿದ್ದೇವೆ.

ಇದನ್ನು ಓದಿ ಎಲ್ಲರೂ ಇದೇ ಪಾರ್ಕಿಗೆ ಹೋಗಬೇಕೆಂದು ನಾವು ಹೇಳುತ್ತಿಲ್ಲ. ಕೆಲವರಿಗೆ ಗೋಕರ್ಣ ಇಷ್ಟ, ಕೆಲವರಿಗೆ ಮೈಸೂರು, ಕೆಲವರಿಗೆ ತವರುಮನೆ. ಎಲ್ಲಿಗಾದರೂ ಆಗಲಿ, ಹೊರಡುವ ಮೊದಲ ಕೆಲಸ ಟಿಕೆಟ್ ಕೊಳ್ಳುವುದಲ್ಲ, ಬೇಲಿಯಾಚೆಯ ಮನೆಯವರನ್ನು ಕೇಳುವುದು. ನಮ್ಮ ಸಂಘ ಗೊಬ್ಬರ ತರಿಸುತ್ತದೆ, ಅಡಿಕೆ ಮಾರುತ್ತದೆ, ಸಾಲ ಕೊಡುತ್ತದೆ. ಸಂಘದ ಕಚೇರಿಯಲ್ಲಿ ಒಂದು ಮುಯ್ಯಿ ಪುಸ್ತಕವನ್ನೂ ಇಟ್ಟರೆ ಹೇಗೆ? ಯಾರು ಯಾವ ವಾರ ಹೊರಡಬೇಕೆಂದಿದ್ದಾರೆ, ಯಾರು ನೋಡಿಕೊಳ್ಳಬಲ್ಲರು ಎಂದು ಬರೆದಿಡಲು ನಲವತ್ತು ಪುಟದ ಒಂದು ನೋಟುಬುಕ್ಕು ಸಾಕು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಮಾತನ್ನು ಎತ್ತುತ್ತೇವೆ. ಸದಸ್ಯರು, ಅದರಲ್ಲೂ ಮನೆಯ ಹೆಂಗಸರು, ತಪ್ಪದೆ ಬಂದು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇವೆ.

ಮಗಳು ದೊಡ್ಡವಳಾದ ಮೇಲೆ ಎಲ್ಲಿ ಕೆಲಸ ಮಾಡುತ್ತಾಳೋ ಅದು ಅವಳಿಗೆ ಬಿಟ್ಟದ್ದು. ದಾರಂದದ ಮೇಲಿನ ಗೀಟನ್ನು ಮಾತ್ರ ಅವಳು ಅಳಿಸಲು ಬಿಟ್ಟಿಲ್ಲ. ಮಗನೂ ತಿಂಗಳಿಗೊಮ್ಮೆ ಅಲ್ಲಿ ನಿಂತು ಅಳತೆ ನೋಡಿಕೊಳ್ಳುತ್ತಿದ್ದಾನೆ.